‘ರಿಯಲ್’ ಎಂಬ ವಿಶೇಷಣ ಮತ್ತು ಜಗತ್ತಿನ ಸತ್ಯತ್ವದ ಪ್ರಶ್ನೆ

ಇಂಗ್ಲಿಷಿನ ದಿನಬಳಕೆಯ ವಿಶೇಷಣಗಳಲ್ಲಿ ‘ರಿಯಲ್’ ಎಂಬುದು ಮೇಲ್ನೋಟಕ್ಕೆ ಅತ್ಯಂತ ಸರಳವಾದದ್ದು. ಮುತ್ತು ರಿಯಲ್ ಎಂದರೆ ಅದು ಗಾಜಿನ ಮಣಿಯಲ್ಲ. ರೋಗಿಯ ನೋವು ರಿಯಲ್ ಎಂದರೆ ಆತ ನಟಿಸುತ್ತಿಲ್ಲ. ದಾಖಲೆಯ ಮೇಲಿನ ಸಹಿ ರಿಯಲ್ ಎಂದರೆ ಅದನ್ನು ಮತ್ತೊಬ್ಬರು ಹಾಕಿದ್ದಲ್ಲ. ಕತೆಯ ನಾಯಕ ರಿಯಲ್ ಅಲ್ಲ ಎಂದರೆ ಅವನಿಗೆ ಲೇಖಕನ ಕಲ್ಪನೆಯ ಹೊರಗೆ ಇರವಿಲ್ಲ. ಈ ಪ್ರಯೋಗಗಳಲ್ಲಿ ಯಾರೂ ಎಡವುವುದಿಲ್ಲ, ಏಕೆಂದರೆ ಪ್ರತಿ ಸಂದರ್ಭದಲ್ಲಿಯೂ ಯಾವ ಬಗೆಯ ಹುಸಿಯನ್ನು ತಳ್ಳಿಹಾಕಲಾಗುತ್ತಿದೆ ಎಂಬುದು ಮಾತನಾಡುವವರಿಗೂ ಕೇಳುವವರಿಗೂ ಮೊದಲೇ ಗೊತ್ತಿರುತ್ತದೆ. ಆದರೆ ಅದೇ ವಿಶೇಷಣವನ್ನು ಒಂದು ಮುತ್ತಿಗೋ ಸಹಿಗೋ ಅಲ್ಲದೆ ಕಾಣುವ ಜಗತ್ತಿಗೆಲ್ಲ ಒಟ್ಟಾಗಿ ಹಚ್ಚಿ, ಇದು ರಿಯಲ್ ಹೌದೇ ಅಲ್ಲವೇ ಎಂದು ಕೇಳಿದಾಗ, ತಳ್ಳಿಹಾಕಬೇಕಾದ ಹುಸಿ ಯಾವುದೆಂಬುದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಧರ್ಮ ಮತ್ತು ತತ್ತ್ವಶಾಸ್ತ್ರಗಳ ಹಳೆಯ ವಿವಾದಗಳಲ್ಲಿ ಹಲವು ಈ ಒಂದು ಜಾಗದಲ್ಲಿಯೇ ಹುಟ್ಟಿಕೊಂಡಿವೆ, ಮತ್ತು ಅವುಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಈ ಪದದ ನಡತೆಯನ್ನು ಗಮನಿಸಬೇಕಾಗುತ್ತದೆ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ರೇಸ್’, ಅಂದರೆ ವಸ್ತು. ಅದರಿಂದ ಮಧ್ಯಯುಗದ ಪಂಡಿತರು ‘ರಿಯಾಲಿಸ್’ ಎಂಬ ವಿಶೇಷಣವನ್ನು ಕಟ್ಟಿದರು. ವಸ್ತುವಿಗೆ ಸಂಬಂಧಿಸಿದ್ದು ಎಂಬುದಷ್ಟೇ ಅದರ ಮೊದಲ ಅರ್ಥವಾಗಿತ್ತು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಕಳೆದುಕೊಂಡ ಭೂಮಿಯನ್ನೇ ಮರಳಿ ಪಡೆಯಲು ಹೂಡುವ ದಾವೆಯನ್ನು ‘ರಿಯಲ್’ ಎಂದು ಕರೆದು, ವಸ್ತುವಿನ ಬದಲಿಗೆ ವ್ಯಕ್ತಿಯಿಂದ ಪರಿಹಾರವನ್ನು ಮಾತ್ರ ಪಡೆಯಬಹುದಾದ ದಾವೆಯನ್ನು ಅದರಿಂದ ಬೇರ್ಪಡಿಸಿದ್ದರು. ಇಂದು ಕರ್ನಾಟಕದ ಊರೂರುಗಳ ಅಂಗಡಿ ಫಲಕಗಳ ಮೇಲೆ ಕಾಣುವ ‘ರಿಯಲ್ ಎಸ್ಟೇಟ್’ ಎಂಬ ಮಾತು ಆ ವಿಂಗಡಣೆಯಿಂದ ಉಳಿದು ಬಂದದ್ದು. ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಸಮೀಕರಣಗಳ ಮೂಲಗಳಲ್ಲಿ ಕೆಲವನ್ನು ವಾಸ್ತವವೆಂದೂ ಕೆಲವನ್ನು ಕಾಲ್ಪನಿಕವೆಂದೂ ಕರೆದ ಮೇಲೆ ಗಣಿತದಲ್ಲಿ ‘ವಾಸ್ತವ ಸಂಖ್ಯೆ’ ನೆಲೆಗೊಂಡಿತು. ಅರ್ಥಶಾಸ್ತ್ರದ ‘ನೈಜ ವೇತನ’ ಎಂಬುದು ಬೆಲೆಯೇರಿಕೆಯನ್ನು ಕಳೆದು ಲೆಕ್ಕ ಹಾಕಿದ ವೇತನ. ಮೂರು ಕಡೆಗಳಲ್ಲಿಯೂ ಪದ ಒಂದೇ ಆದರೂ ಅದರ ಎದುರಾಳಿ ಬೇರೆ ಬೇರೆ: ಕಾನೂನಿನಲ್ಲಿ ವ್ಯಕ್ತಿಗೆ ಸೇರಿದ್ದು, ಗಣಿತದಲ್ಲಿ ಕಾಲ್ಪನಿಕವಾದದ್ದು, ಅರ್ಥಶಾಸ್ತ್ರದಲ್ಲಿ ಹೆಸರಿಗೆ ಮಾತ್ರ ಇರುವಂಥದ್ದು. ಕಾಲ್ಪನಿಕ ಸಂಖ್ಯೆ ಗಣಿತದಲ್ಲಿ ವಾಸ್ತವ ಸಂಖ್ಯೆಯಷ್ಟೇ ಗಟ್ಟಿಯಾದ ಸ್ಥಾನವನ್ನು ಪಡೆದಿದೆ. ಅದು ‘ರಿಯಲ್’ ಅಲ್ಲ ಎಂಬ ಕಾರಣಕ್ಕೆ ಅದನ್ನು ಯಾರೂ ಸುಳ್ಳೆನ್ನುವುದಿಲ್ಲ.

ಇದೇ ಪದವು ಧರ್ಮದ ಕ್ಷೇತ್ರವನ್ನು ಹೊಕ್ಕಾಗ ಪ್ರಾಣವೇ ಪಣವಾದ ಪ್ರಸಂಗವೊಂದು ಯುರೋಪಿನ ಇತಿಹಾಸದಲ್ಲಿದೆ. ಕ್ರೈಸ್ತರ ಬಲಿಪೂಜೆಯಲ್ಲಿ ಅರ್ಪಿಸುವ ರೊಟ್ಟಿ ಮತ್ತು ದ್ರಾಕ್ಷಾರಸಗಳಲ್ಲಿ, ಅಂದರೆ ಕನ್ನಡದ ಕಥೋಲಿಕರು ಪರಮಪ್ರಸಾದವೆಂದು ಕರೆಯುವ ಸಂಸ್ಕಾರದಲ್ಲಿ, ಕ್ರಿಸ್ತನು ಯಾವ ರೀತಿಯಲ್ಲಿ ಇರುತ್ತಾನೆ ಎಂಬುದು ಆ ಧರ್ಮದ ಅತ್ಯಂತ ಆಳವಾದ ಪ್ರಶ್ನೆಗಳಲ್ಲಿ ಒಂದು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ರೊಟ್ಟಿಯ ಸತ್ತ್ವವೇ ಬದಲಾಗುತ್ತದೆ ಎಂಬ ನಿಲುವನ್ನು ಅಧಿಕೃತಗೊಳಿಸಿತು. ಹೊರಗಿನ ರೂಪ, ರುಚಿ, ಬಣ್ಣಗಳು ರೊಟ್ಟಿಯವಾಗಿಯೇ ಉಳಿದು, ಅವುಗಳಿಗೆ ಆಶ್ರಯವಾದ ಒಳಗಿನ ದ್ರವ್ಯ ಮಾತ್ರ ಬೇರೆಯಾಗುತ್ತದೆ ಎಂಬುದು ಈ ನಿಲುವಿನ ತಾತ್ಪರ್ಯ. ಅದೇ ಶತಮಾನದ ಥಾಮಸ್ ಅಕ್ವಿನಾಸ್ ಅದಕ್ಕೆ ಅರಿಸ್ಟಾಟಲನ ಪರಿಭಾಷೆಯಲ್ಲಿ ವಿವರಣೆ ಕೊಡುವಾಗ, ಕ್ರಿಸ್ತನ ದೇಹವು ಸಂಸ್ಕಾರದಲ್ಲಿ ನಿಜವಾಗಿ ಇದ್ದರೂ ಒಂದು ವಸ್ತು ಒಂದು ಸ್ಥಳದಲ್ಲಿ ಇರುವ ಹಾಗೆ ಇರುವುದಿಲ್ಲ ಎಂಬ ಎಚ್ಚರಿಕೆಯನ್ನು ಸೇರಿಸಿದನು. ನಿಜವಾಗಿ ಇರುವುದು ಬೇರೆ, ಜಾಗ ಹಿಡಿದು ಇರುವುದು ಬೇರೆ ಎಂಬ ಈ ಸೂಕ್ಷ್ಮವನ್ನು ಮುಂದಿನ ಶತಮಾನಗಳ ಜಗಳ ಪದೇ ಪದೇ ಮರೆತಿತು.

ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಪ್ರಶ್ನೆ ಒಡೆದು ನಿಂತಿತು. 1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಮುಖಾಮುಖಿಯಾದಾಗ, ಕ್ರಿಸ್ತನ ಮಾತನ್ನು ಅದರ ನೇರ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂದು ಲೂಥರನೂ, ಸೂಚನೆಯೆಂದು ಓದಬೇಕೆಂದು ಜ್ವಿಂಗ್ಲಿಯೂ ಪಟ್ಟು ಹಿಡಿದು, ಮಿಕ್ಕ ಹೆಚ್ಚಿನ ವಿಷಯಗಳಲ್ಲಿ ಒಪ್ಪಿಗೆಯಾದರೂ ಈ ಒಂದು ವಿಷಯದಲ್ಲಿ ಬೇರೆಯಾದರು. ಕಥೋಲಿಕ ಸಭೆಯು 1551ರ ಅಕ್ಟೋಬರಿನಲ್ಲಿ ಟ್ರೆಂಟ್ ಮಹಾಸಭೆಯ 13ನೆಯ ಅಧಿವೇಶನದಲ್ಲಿ ತನ್ನ ತೀರ್ಮಾನವನ್ನು ಪ್ರಕಟಿಸುವಾಗ ಮೂರು ಕ್ರಿಯಾವಿಶೇಷಣಗಳನ್ನು ಒಟ್ಟಿಗೆ ಬಳಸಿತು: ಸತ್ಯವಾಗಿ, ‘ರಿಯಲ್’ ಆಗಿ, ದ್ರವ್ಯತಃ. ಈ ಮೂರರ ಎದುರಿಗೆ ತಾನು ಯಾವುದನ್ನು ನಿರಾಕರಿಸುತ್ತಿದ್ದೇನೆ ಎಂಬುದನ್ನೂ ಅದು ಅಷ್ಟೇ ಸ್ಪಷ್ಟವಾಗಿ ಹೇಳಿತು: ಬರಿಯ ಚಿಹ್ನೆಯಾಗಿ, ಅಥವಾ ರೂಪಕವಾಗಿ, ಅಥವಾ ಶಕ್ತಿಯ ಮೂಲಕ ಮಾತ್ರ ಇರುವುದು. ತೀರ್ಮಾನವನ್ನು ಒಪ್ಪುವುದು ಬಿಡುವುದು ಓದುಗನ ಶ್ರದ್ಧೆಗೆ ಬಿಟ್ಟದ್ದು. ಆದರೆ ಆ ವಾಕ್ಯ ಕಟ್ಟಿದವರಿಗೆ ‘ರಿಯಲ್’ ಎಂಬ ಪದ ತನ್ನಷ್ಟಕ್ಕೆ ನಿಲ್ಲಲಾರದು, ಅದರ ಪಕ್ಕದಲ್ಲಿ ಅದು ಅಲ್ಲಗಳೆಯುವುದನ್ನೂ ಇಡಬೇಕು ಎಂಬ ಅರಿವು ಇತ್ತೆಂಬುದನ್ನು ಮೆಚ್ಚಬೇಕು.

ಇಂಗ್ಲೆಂಡಿನಲ್ಲಿ ನಡೆದದ್ದು ಇನ್ನೂ ಹತ್ತಿರದಿಂದ ನೋಡಲು ಯೋಗ್ಯವಾಗಿದೆ. ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ 1552ರ ಪ್ರಾರ್ಥನಾ ಗ್ರಂಥವು ಬಳಕೆಗೆ ಬರಲು ಕೆಲವೇ ದಿನಗಳಿದ್ದಾಗ, ಪ್ರಸಾದವನ್ನು ಮೊಣಕಾಲೂರಿ ಸ್ವೀಕರಿಸುವುದು ವಿಗ್ರಹಾರಾಧನೆಯಂತಾಗುತ್ತದೆ ಎಂದು ಕಟ್ಟಾ ಸುಧಾರಕರಾದ ಜಾನ್ ನಾಕ್ಸ್ ಮೊದಲಾದವರು ಆಕ್ಷೇಪಿಸಿದ್ದರಿಂದ, ರಾಜನ ಮಂತ್ರಿಮಂಡಲವು ಒಂದು ಘೋಷಣೆಯನ್ನು ಅವಸರದಲ್ಲಿ ಸೇರಿಸಿತು. ಮೊಣಕಾಲೂರುವುದರಿಂದ ಕ್ರಿಸ್ತನ ಸಹಜ ರಕ್ತಮಾಂಸಗಳ ಯಾವುದೇ ‘ರಿಯಲ್’ ಹಾಗೂ ಸತ್ತ್ವರೂಪದ ಸಾನ್ನಿಧ್ಯವನ್ನು ಪೂಜಿಸಿದಂತಾಗುವುದಿಲ್ಲ, ಏಕೆಂದರೆ ಆತನ ಸಹಜ ದೇಹ ಸ್ವರ್ಗದಲ್ಲಿದೆ, ಏಕಕಾಲದಲ್ಲಿ ಎರಡು ಕಡೆ ಇರಲಾರದು ಎಂಬುದು ಅದರ ಸಾರ. ಮುಂದೆ 19ನೆಯ ಶತಮಾನದಲ್ಲಿ ಇದಕ್ಕೆ ‘ಕಪ್ಪು ಸೂಚನೆ’ ಎಂಬ ಹೆಸರು ಬಂದಿತು. ಎಲಿಜಬೆತ್ ರಾಣಿಯ 1559ರ ಆವೃತ್ತಿ ಇದನ್ನು ಪೂರ್ತಿಯಾಗಿ ಕೈಬಿಟ್ಟಿತು. 1662ರ ಆವೃತ್ತಿ ಅದನ್ನು ಮತ್ತೆ ಸೇರಿಸಿತಾದರೂ ‘ರಿಯಲ್ ಹಾಗೂ ಸತ್ತ್ವರೂಪದ’ ಎಂಬಲ್ಲಿ ‘ಶಾರೀರಿಕ’ ಎಂಬ ಒಂದು ಪದವನ್ನು ಇಟ್ಟಿತು. ಈ ಬದಲಾವಣೆಯ ಪರಿಣಾಮ ಚಿಕ್ಕದಲ್ಲ. ಕ್ರಿಸ್ತನು ಶರೀರದಿಂದ ಅಲ್ಲದೆ ಆಧ್ಯಾತ್ಮಿಕವಾಗಿ, ಆದರೂ ನಿಜವಾಗಿ, ಸಂಸ್ಕಾರದಲ್ಲಿ ಇರುತ್ತಾನೆ ಎಂದು ನಂಬುವವರನ್ನು 1552ರ ವಾಕ್ಯ ಹೊರಗಿಡುವಂತಿತ್ತು. 1662ರ ವಾಕ್ಯ ಅವರಿಗೆ ಒಳಗೆ ಜಾಗ ಮಾಡಿಕೊಟ್ಟಿತು.

ಇವೆರಡರ ನಡುವಿನ ವರ್ಷಗಳಲ್ಲಿ, ಕಥೋಲಿಕ ರಾಣಿ ಮೇರಿಯ ಕಾಲದಲ್ಲಿ, ಸುಧಾರಣೆಯ ಪಕ್ಷದವರಾದ ಆರ್ಚ್‌ಬಿಷಪ್ ಕ್ರ್ಯಾನ್ಮರನನ್ನೂ ಬಿಷಪ್ಪರಾದ ರಿಡ್ಲಿ, ಲ್ಯಾಟಿಮರ್ ಇಬ್ಬರನ್ನೂ 1554ರ ಏಪ್ರಿಲಿನಲ್ಲಿ ಆಕ್ಸ್‌ಫರ್ಡಿಗೆ ಕರೆತಂದು ವಾದಕ್ಕೆ ನಿಲ್ಲಿಸಲಾಯಿತು. ಅವರ ಮುಂದಿಟ್ಟ ಮೊದಲ ಪ್ರಮೇಯವೇ ಕ್ರಿಸ್ತನ ಸಹಜ ದೇಹವು ಸಂಸ್ಕಾರದಲ್ಲಿ ‘ರಿಯಲ್’ ಆಗಿ ಇದೆ ಎಂಬುದು. ಕ್ರ್ಯಾನ್ಮರನು ಹೌದು ಅಥವಾ ಅಲ್ಲ ಎಂದು ನೇರವಾಗಿ ಹೇಳದೆ ಪದವನ್ನೇ ಎರಡಾಗಿ ಸೀಳಿದನು: ವಾಸ್ತವದಲ್ಲಿ, ಫಲಕಾರಿಯಾಗಿ ಎಂಬ ಅರ್ಥವಾದರೆ ಕ್ರಿಸ್ತನು ತನ್ನ ಯಾತನೆಯ ಕೃಪೆಯಿಂದ ಭಕ್ತರಿಗೆ ನಿಜವಾಗಿ ದೊರೆಯುತ್ತಾನೆ, ಅಂಗಾಂಗಗಳುಳ್ಳ ಶರೀರದ ರೂಪದಲ್ಲಿ ಎಂಬ ಅರ್ಥವಾದರೆ ಅದನ್ನು ಒಪ್ಪಲಾಗದು. ಈ ವಿವೇಚನೆಗೆ ಅಲ್ಲಿ ಬೆಲೆ ಸಿಗಲಿಲ್ಲ. ರಿಡ್ಲಿ ಮತ್ತು ಲ್ಯಾಟಿಮರರನ್ನು 1555ರಲ್ಲಿ, ಕ್ರ್ಯಾನ್ಮರನನ್ನು 1556ರಲ್ಲಿ ಅದೇ ಊರಿನಲ್ಲಿ ಜೀವಂತ ಸುಡಲಾಯಿತು. ಅವರ ಮರಣಕ್ಕೆ ರಾಜಕೀಯ ಕಾರಣಗಳೂ ಇದ್ದವು ಎಂಬುದು ನಿಜವಾದರೂ, ಅವರ ಮೇಲಿನ ಧಾರ್ಮಿಕ ಆರೋಪದ ಕೇಂದ್ರದಲ್ಲಿ ಈ ಪದವಿತ್ತು ಎಂಬುದನ್ನು ಮರೆಯಲಾಗದು. ಒಂದು ಪದ ಏನನ್ನು ನಿರಾಕರಿಸುತ್ತದೆ ಎಂದು ಕೇಳುವುದು ಜಾರಿಕೊಳ್ಳುವ ಉಪಾಯವೆಂದು ತಿಳಿಯುವವರು ಇಂದಿಗೂ ಇದ್ದಾರೆ. ಕ್ರ್ಯಾನ್ಮರನ ಉತ್ತರದಲ್ಲಿ ಇದ್ದದ್ದು ಪ್ರಶ್ನೆಗೆ ಸಲ್ಲಬೇಕಾದ ಗೌರವ.

ಅದೇ ಆಕ್ಸ್‌ಫರ್ಡಿನಲ್ಲಿ ಸುಮಾರು ನಾಲ್ಕು ಶತಮಾನಗಳ ನಂತರ ಇದೇ ವಿಶೇಷಣವು ಮತ್ತೆ ವಿಚಾರಣೆಗೆ ಬಂದಿತು. ಅದಕ್ಕೆ ಹಿನ್ನೆಲೆಯಾಗಿ 19ನೆಯ ಶತಮಾನದ ಕೊನೆಯ ಹಾಗೂ 20ನೆಯ ಶತಮಾನದ ಮೊದಲ ಇಂಗ್ಲಿಷ್ ತತ್ತ್ವಚಿಂತಕರನ್ನು ನೆನೆಯಬೇಕು. ಎಫ್. ಎಚ್. ಬ್ರ್ಯಾಡ್ಲಿಯು 1893ರ ತನ್ನ ಗ್ರಂಥದಲ್ಲಿ ದೇಶ, ಕಾಲ, ಕಾರ್ಯಕಾರಣ ಸಂಬಂಧಗಳೆಲ್ಲ ಕೇವಲ ತೋರಿಕೆ ಎಂದು ವಾದಿಸಿದನು. ಮೆಕ್‌ಟಗರ್ಟ್ 1908ರಲ್ಲಿ ಕಾಲವು ‘ಅನ್‌ರಿಯಲ್’ ಎಂಬ ಪ್ರಸಿದ್ಧ ಲೇಖನವನ್ನು ಬರೆದನು. ಇವರ ಎದುರು ಜಿ. ಇ. ಮೂರ್ ಎತ್ತಿದ ಆಕ್ಷೇಪ ಬಹಳ ಸರಳವಾಗಿತ್ತು: ಕಾಲ ರಿಯಲ್ ಅಲ್ಲವೆಂದರೆ ಒಂದು ಘಟನೆ ಇನ್ನೊಂದಕ್ಕಿಂತ ಮೊದಲು ನಡೆಯಿತು ಎಂಬ ಪ್ರತಿಯೊಂದು ಮಾತೂ ಸುಳ್ಳಾಗಬೇಕು, ಹಾಗೆ ಆಗುತ್ತದೆ ಎಂದು ಅವರು ನಿಜಕ್ಕೂ ಹೇಳುತ್ತಿದ್ದಾರೆಯೇ? ಇದಕ್ಕೆ ಅವರು ಹೌದೆಂದರೆ ಮಾತು ಅಸಂಬದ್ಧವಾಗುತ್ತದೆ. ಅಲ್ಲವೆಂದರೆ ಅವರ ‘ಅನ್‌ರಿಯಲ್’ ಎಂಬುದಕ್ಕೆ ಬೇರೆ ಯಾವುದೋ ಅರ್ಥವಿರಬೇಕು, ಆ ಅರ್ಥವನ್ನು ಅವರು ಬಿಡಿಸಿ ಹೇಳಬೇಕು.

ಈ ಬೇಡಿಕೆಯನ್ನು ಪದದ ಸಮಗ್ರ ಪರೀಕ್ಷೆಯ ಮಟ್ಟಕ್ಕೆ ಒಯ್ದವನು ಜೆ. ಎಲ್. ಆಸ್ಟಿನ್ (1911–1960). ಎ. ಜೆ. ಏಯರ್ 1940ರ ತನ್ನ ಗ್ರಂಥದಲ್ಲಿ, ನೀರಿನಲ್ಲಿ ಅರ್ಧ ಮುಳುಗಿದ ಕೋಲು ಬಾಗಿದಂತೆ ಕಾಣುವುದು ಮೊದಲಾದ ಉದಾಹರಣೆಗಳಿಂದ, ನಾವು ನೇರವಾಗಿ ಅರಿಯುವುದು ವಸ್ತುಗಳನ್ನಲ್ಲ, ಇಂದ್ರಿಯಗಳ ಮುಂದೆ ಮೂಡುವ ತೋರಿಕೆಗಳನ್ನು ಮಾತ್ರ ಎಂಬ ಹಳೆಯ ವಾದವನ್ನು ಹೊಸ ರೂಪದಲ್ಲಿ ಮಂಡಿಸಿದ್ದನು. ಆಸ್ಟಿನ್ 1947ರಿಂದ ಹಲವು ವರ್ಷ ಆಕ್ಸ್‌ಫರ್ಡಿನಲ್ಲಿ ಇದರ ವಿಮರ್ಶೆಯನ್ನು ಉಪನ್ಯಾಸಗಳಾಗಿ ನೀಡಿದನು. ಆತ ತೀರಿಕೊಂಡ ಮೇಲೆ ಜಿ. ಜೆ. ವಾರ್ನಾಕ್ ಟಿಪ್ಪಣಿಗಳಿಂದ ಅವುಗಳನ್ನು ಪುನಾರಚಿಸಿ 1962ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಯಾ’ ಎಂಬ ಪುಸ್ತಕವಾಗಿ ಪ್ರಕಟಿಸಿದನು. ಅದರ ಏಳನೆಯ ಅಧ್ಯಾಯವು ಬಹುಪಾಲು ‘ರಿಯಲ್’ ಪದಕ್ಕೇ ಮೀಸಲು. ಆಸ್ಟಿನ್ ಅಲ್ಲಿ ಕೊಡುವ ಉದಾಹರಣೆಗಳು ಎಷ್ಟು ಸಾಧಾರಣವೋ ಅಷ್ಟೇ ತೀಕ್ಷ್ಣವಾದವು. ಸಮುದ್ರದ ಆಳದಲ್ಲಿ ಹೊಳೆಯುವ ಬಣ್ಣಗಳಿಂದ ಕಂಗೊಳಿಸುವ ಮೀನು ಮೇಲೆ ತಂದಾಗ ಮಂಕಾಗಿ ಬೂದುಬಿಳಿಯಾಗಿ ಕಾಣುತ್ತದೆ ಎಂದಿಟ್ಟುಕೊಂಡರೆ ಅದರ ರಿಯಲ್ ಬಣ್ಣ ಯಾವುದು? ಬಣ್ಣ ಹಾಕಿಕೊಂಡ ಕೂದಲಿನ ವಿಷಯದಲ್ಲಿ ಅದೇ ಪ್ರಶ್ನೆಗೆ ಖಚಿತ ಉತ್ತರವಿದೆ. ಮೀನಿನ ವಿಷಯದಲ್ಲಿ ಇಲ್ಲ. ಮೋಡದ ರಿಯಲ್ ಆಕಾರ ಯಾವುದು, ಬೆಕ್ಕಿನ ರಿಯಲ್ ಆಕಾರ ಯಾವುದು ಎಂದು ಕೇಳಿದರೆ, ಬೆಕ್ಕು ಮುದುಡಿ ಮಲಗಿದಾಗಿನದೋ ಮೈಮುರಿದು ನಿಂತಾಗಿನದೋ ಎಂದು ತೀರ್ಮಾನಿಸಲು ಯಾವ ಆಧಾರವೂ ಸಿಗುವುದಿಲ್ಲ.

ಇಂಥ ಉದಾಹರಣೆಗಳಿಂದ ಆತ ಪದದ ಕೆಲವು ಲಕ್ಷಣಗಳನ್ನು ಹೊರತೆಗೆದನು. ಮೊದಲನೆಯದಾಗಿ ‘ರಿಯಲ್’ ಎಂಬುದು ನಾಮಪದಕ್ಕೆ ಹಸಿದಿರುವ ವಿಶೇಷಣ. ಒಂದು ವಸ್ತು ಏನೆಂದು ತಿಳಿಯದೆಯೇ ಅದು ಗುಲಾಬಿ ಬಣ್ಣದ್ದು ಎನ್ನಬಹುದು; ಏನೆಂದು ತಿಳಿಯದೆ ಅದು ರಿಯಲ್ ಎನ್ನಲಾಗುವುದಿಲ್ಲ. ಬೇಟೆಗಾರನು ಕಾಡುಬಾತುಗಳನ್ನು ಸೆಳೆಯಲೆಂದು ನೀರಿನ ಮೇಲೆ ತೇಲಿಬಿಡುವ ಮರದ ಬೊಂಬೆ ರಿಯಲ್ ಬಾತು ಅಲ್ಲ, ಆದರೆ ಬೇಟೆಯ ಬೊಂಬೆಯಾಗಿ ಅದು ರಿಯಲ್ಲೇ ಹೌದು. ಹೀಗೆ ಒಂದೇ ವಸ್ತುವಿಗೆ ಎರಡೂ ಮಾತು ಸಲ್ಲುತ್ತವೆ. ಎರಡನೆಯದಾಗಿ, ಮತ್ತು ಇಲ್ಲಿನ ಚರ್ಚೆಗೆ ಇದೇ ಮುಖ್ಯ, ಈ ಪದದ ಜೋಡಿಯಲ್ಲಿ ಯಜಮಾನಿಕೆ ನಿಷೇಧದ್ದು. ಸಾಮಾನ್ಯವಾಗಿ ಒಂದು ಪದದ ಅರ್ಥ ಮೊದಲು ಗೊತ್ತಾಗಿ, ಅದರ ನಿಷೇಧ ಆಮೇಲೆ ತಿಳಿಯುತ್ತದೆ. ಇಲ್ಲಿ ಅದು ತಿರುವುಮುರುವು. ಬೊಂಬೆ, ಚಿತ್ರ, ಆಟಿಕೆ, ನಕಲು, ಕೃತಕ, ಸೋಗು, ಮರೀಚಿಕೆ ಎಂಬ ನಿರ್ದಿಷ್ಟ ಸಾಧ್ಯತೆಗಳಲ್ಲಿ ಯಾವುದನ್ನು ತಳ್ಳಿಹಾಕಲಾಗುತ್ತಿದೆ ಎಂದು ತಿಳಿದಾಗಲೇ ‘ರಿಯಲ್’ ಎಂಬ ಮಾತಿಗೆ ತಿರುಳು ಬರುತ್ತದೆ. ಇದಲ್ಲದೆ ಅಪ್ಪಟ, ಸಹಜ, ಸಾಚಾ ಮೊದಲಾದ ಒಂದು ಗುಂಪಿನ ಪದಗಳಿಗೆಲ್ಲ ಇದು ಅತ್ಯಂತ ಸಾಮಾನ್ಯ ಹೆಸರಾಗಿ ನಿಲ್ಲುತ್ತದೆ ಎಂದೂ, ಹೊಸ ವಸ್ತುಗಳು ಎದುರಾದಾಗ ಹಳೆಯ ಪದಗಳ ಪರಿಮಿತಿಯನ್ನು ಸರಿಹೊಂದಿಸಲು ನೆರವಾಗುತ್ತದೆ ಎಂದೂ ಆಸ್ಟಿನ್ ತೋರಿಸಿದನು. ಅವನ ತೀರ್ಪು ಕಠಿಣವಾದದ್ದು: ‘ರಿಯಲ್’ ಎಂಬ ಒಂದೇ ಗುಣ ಎಲ್ಲ ರಿಯಲ್ ವಸ್ತುಗಳಲ್ಲಿಯೂ ಇದೆ ಎಂದು ತಿಳಿದು ಅದರ ಲಕ್ಷಣವನ್ನು ಹುಡುಕುವುದು ವ್ಯರ್ಥ.

ಈ ತೀರ್ಪನ್ನು ಓದಿದ ಭಾರತೀಯ ದರ್ಶನದ ಅಭ್ಯಾಸಿಗೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಕನ್ನಡನಾಡಿನಲ್ಲಿ ಅದ್ವೈತದ ಶೃಂಗೇರಿಯಿಂದ ದ್ವೈತದ ಉಡುಪಿಯವರೆಗೆ ಶತಮಾನಗಳ ಕಾಲ ನಡೆದ ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ವಾದವೂ ಇಂಥದೇ ಪದದ ಭ್ರಮೆಯೇ? ಅವಸರದ ಓದುಗರು ಹಾಗೆಂದುಕೊಂಡು ಕೈತೊಳೆದುಕೊಳ್ಳಬಹುದು, ಅದು ಅನ್ಯಾಯ. ಆ ವಾದದ ಮೂಲ ಗ್ರಂಥಗಳನ್ನು ನೋಡಿದರೆ, ಆಸ್ಟಿನ್ ಕೇಳಿದ ಪ್ರಶ್ನೆಯನ್ನು ನಮ್ಮ ವೇದಾಂತಿಗಳು ಅವನಿಗಿಂತ ನಾಲ್ಕು ಶತಮಾನ ಮೊದಲೇ, ಇನ್ನೂ ಬಿಗಿಯಾದ ಪರಿಭಾಷೆಯಲ್ಲಿ, ಪರಸ್ಪರ ಕೇಳಿಕೊಂಡಿದ್ದರು ಎಂಬುದು ಸ್ಪಷ್ಟವಾಗುತ್ತದೆ. ನ್ಯಾಯಶಾಸ್ತ್ರದ ಪ್ರಕಾರ ಯಾವುದೇ ಅಭಾವಕ್ಕೆ, ಅಂದರೆ ‘ಇಲ್ಲ’ ಎಂಬ ಮಾತಿಗೆ, ಎರಡು ಕೊಂಡಿಗಳು ಬೇಕು: ಯಾವುದು ಇಲ್ಲವೋ ಅದು, ಇದಕ್ಕೆ ಪ್ರತಿಯೋಗಿ ಎಂದು ಹೆಸರು, ಎಲ್ಲಿ ಇಲ್ಲವೋ ಅದು, ಇದಕ್ಕೆ ಅನುಯೋಗಿ ಎಂದು ಹೆಸರು. ಇವೆರಡನ್ನೂ ಹೇಳದೆ ಇಲ್ಲ ಎನ್ನುವುದು ಅಪೂರ್ಣ ವಾಕ್ಯ. ಈ ಶಿಸ್ತಿನಲ್ಲಿ ಪಳಗಿದವರಿಗೆ ಜಗತ್ತು ಮಿಥ್ಯೆ ಎಂದು ಬರಿದೇ ಘೋಷಿಸಿ ಕೂರಲು ಸಾಧ್ಯವೇ ಇರಲಿಲ್ಲ.

ಜಗತ್ತು ಮಿಥ್ಯೆ ಎನ್ನುವ ಅದ್ವೈತದ ನಿಲುವನ್ನು ಮೊದಲು ಅದರದೇ ಮಾತುಗಳಲ್ಲಿ ತಿಳಿಯಬೇಕು. ಮಿಥ್ಯೆ ಎಂದರೆ ಅಲ್ಲಿ ಮೊಲದ ಕೊಂಬಿನಂತೆ ಎಂದೂ ತೋರದ ಶೂನ್ಯವಲ್ಲ. ಮಂದ ಬೆಳಕಿನಲ್ಲಿ ಕಪ್ಪೆಚಿಪ್ಪು ಬೆಳ್ಳಿಯಾಗಿ ಕಂಡಾಗ ಆ ಬೆಳ್ಳಿ ಕಣ್ಣಿಗೆ ತೋರುತ್ತದೆ, ಆದ್ದರಿಂದ ಅದು ಅಸತ್ ಅಲ್ಲ. ಹತ್ತಿರ ಹೋಗಿ ನೋಡಿದಾಗ ಇದು ಬೆಳ್ಳಿಯಲ್ಲ ಎಂಬ ಅರಿವು ಹುಟ್ಟಿ ಅದು ಬಾಧಿತವಾಗುತ್ತದೆ, ಅಂದರೆ ರದ್ದಾಗುತ್ತದೆ, ಆದ್ದರಿಂದ ಅದು ಸತ್ ಕೂಡ ಅಲ್ಲ. ಎರಡಕ್ಕೂ ಸೇರದ ಈ ಸ್ಥಿತಿಗೆ ಅನಿರ್ವಚನೀಯ ಎಂದು ಹೆಸರು. ಬ್ರಹ್ಮಜ್ಞಾನವಾದಾಗ ಜಗತ್ತೂ ಹೀಗೆಯೇ ಬಾಧಿತವಾಗುವುದರಿಂದ ಅದೂ ಮಿಥ್ಯೆ. ಆದರೆ ಅಲ್ಲಿಯವರೆಗೆ ಅದು ವ್ಯವಹಾರದ ಮಟ್ಟದಲ್ಲಿ ಸತ್ಯವೇ. ಚಿಪ್ಪಿನ ಬೆಳ್ಳಿಗೂ ಪೆಟ್ಟಿಗೆಯ ಬೆಳ್ಳಿಗೂ ಇರುವ ಅಂತರವನ್ನು ಅದ್ವೈತ ಅಳಿಸುವುದಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ವಿಜ್ಞಾನವಾದಿ ಬೌದ್ಧರನ್ನು ಖಂಡಿಸುವಾಗ ಎಚ್ಚರದ ಅನುಭವವು ಕನಸಿನಂಥದ್ದಲ್ಲ ಎಂದು ಸ್ವತಃ ಶಂಕರರೇ ವಾದಿಸುತ್ತಾರೆ. ಶಂಕರರು ಜಗತ್ತನ್ನು ಕನಸೆಂದರು ಎಂದು ಸಭೆಗಳಲ್ಲಿ ಸುಲಭವಾಗಿ ಹೇಳುವವರು ಆ ಭಾಗವನ್ನು ಒಮ್ಮೆಯಾದರೂ ಓದಬೇಕು.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ, 13ನೆಯ ಶತಮಾನದ ಮಧ್ವಾಚಾರ್ಯರು ಈ ಮಧ್ಯಮ ಸ್ಥಿತಿಯನ್ನೇ ಒಪ್ಪಲಿಲ್ಲ. ಅವರ ಪ್ರಕಾರ ಸತ್ ಮತ್ತು ಅಸತ್ ಎಂಬ ಎರಡರ ಆಚೆ ಮೂರನೆಯದು ಇಲ್ಲ. ಚಿಪ್ಪಿನ ಬೆಳ್ಳಿ ಅಸತ್ತೇ. ಅಲ್ಲಿ ಇರುವುದು ಚಿಪ್ಪು, ಅದನ್ನೇ ಬೆಳ್ಳಿಯೆಂದು ಬೇರೆಯಾಗಿ ತಿಳಿದದ್ದು ಜ್ಞಾನದ ದೋಷ, ಮತ್ತು ಇಲ್ಲದ್ದು ಇದ್ದಂತೆ ತೋರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಯಾವುದಾದರೂ ಒಂದು ದೇಶದಲ್ಲಿ, ಒಂದು ಕಾಲದಲ್ಲಿ ಪ್ರಮಾಣದಿಂದ ತಿಳಿದುಬಂದ ವಸ್ತು ಸತ್ಯ. ಅದು ಶಾಶ್ವತವಾಗಿ ಇರಬೇಕೆಂಬ ನಿಯಮವಿಲ್ಲ. ಇಂದು ಇದ್ದು ನಾಳೆ ಒಡೆಯುವ ಮಡಕೆ ಅನಿತ್ಯ, ಆದರೆ ಮಿಥ್ಯೆಯಲ್ಲ. ಇಲ್ಲಿ ‘ಅಲ್ಲ’ ಎಂಬುದರ ಎರಡು ಬಗೆಗಳನ್ನು ಬೇರ್ಪಡಿಸಿದ ರೀತಿ ಗಮನಾರ್ಹವಾದದ್ದು: ಅಳಿಯುವುದು ಬೇರೆ, ಮೂರೂ ಕಾಲಗಳಲ್ಲಿ ಇಲ್ಲದಿರುವುದು ಬೇರೆ. ಜನಸಾಮಾನ್ಯರ ವೈರಾಗ್ಯದ ಮಾತುಗಳಲ್ಲಿ ಇವೆರಡೂ ಕಲಸಿಹೋಗಿ, ದೇಹ ಅಳಿಯುತ್ತದೆ ಆದ್ದರಿಂದ ಸುಳ್ಳು ಎಂಬ ದುರ್ಬಲ ತರ್ಕ ಇಂದಿಗೂ ಕೇಳಿಬರುತ್ತದೆ.

ವಿವಾದದ ಶಿಖರ ವ್ಯಾಸತೀರ್ಥರ ‘ನ್ಯಾಯಾಮೃತ’. ಮೈಸೂರಿನ ಬಳಿಯ ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ವಿಜಯನಗರದಲ್ಲಿ ನೆಲೆಸಿ 1539ರಲ್ಲಿ ತೀರಿಕೊಂಡ ಈ ಯತಿ, ಪುರಂದರದಾಸರ ಗುರು ಎಂದೇ ಕನ್ನಡಿಗರಿಗೆ ಹೆಚ್ಚು ಪರಿಚಿತರು. ಅವರ ಗ್ರಂಥವು ಜಗತ್ತು ಮಿಥ್ಯೆ ಎಂಬ ಮಾತನ್ನು ಖಂಡಿಸುವ ಮೊದಲು, ಆ ಮಾತಿನ ಅರ್ಥವೇನು ಎಂದು ಅದ್ವೈತಿಗಳ ಗ್ರಂಥಗಳಿಂದಲೇ ಐದು ಲಕ್ಷಣಗಳನ್ನು ಆಯ್ದು ಒಂದೊಂದಾಗಿ ಪರೀಕ್ಷಿಸುತ್ತದೆ. ಪದ್ಮಪಾದರಿಂದ ಬಂದ ಲಕ್ಷಣದಂತೆ ಮಿಥ್ಯೆ ಎಂದರೆ ಸತ್ತಿಗೂ ಅಸತ್ತಿಗೂ ಭಿನ್ನವಾದದ್ದು. ಪ್ರಕಾಶಾತ್ಮರ ಒಂದು ಲಕ್ಷಣದಂತೆ ಎಲ್ಲಿ ತೋರಿತೋ ಅಲ್ಲಿಯೇ ಮೂರೂ ಕಾಲಗಳಲ್ಲಿ ಇಲ್ಲದ್ದು, ಅವರದೇ ಇನ್ನೊಂದರಂತೆ ಜ್ಞಾನದಿಂದ ನಿವೃತ್ತವಾಗುವಂಥದ್ದು. ಚಿತ್ಸುಖರ ಪ್ರಕಾರ ತನ್ನ ಆಶ್ರಯದಲ್ಲಿಯೇ ಅತ್ಯಂತಾಭಾವವುಳ್ಳದ್ದು. ಆನಂದಬೋಧರ ಪ್ರಕಾರ ಸತ್ತಿಗಿಂತ ಬೇರೆಯಾದದ್ದು. ಎದುರಾಳಿಯ ಪದದ ಹಿಂದೆ ಯಾವ ನಿಷೇಧವಿದೆ ಎಂದು ಇಷ್ಟು ತಾಳ್ಮೆಯಿಂದ ಹುಡುಕಿದ ಉದಾಹರಣೆ ಜಗತ್ತಿನ ತತ್ತ್ವಶಾಸ್ತ್ರದಲ್ಲಿ ವಿರಳ.

ಅದೇ ಗ್ರಂಥದಲ್ಲಿ ಬರುವ ಒಂದು ತೊಡಕು ಇನ್ನೂ ಸೂಕ್ಷ್ಮವಾದದ್ದು. ಜಗತ್ತಿನ ಮಿಥ್ಯಾತ್ವ ಎಂಬುದು ಸತ್ಯವೋ ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮದ ಜೊತೆಗೆ ಇನ್ನೊಂದು ಸತ್ಯ ಸೇರಿ ಅದ್ವೈತವೇ ಮುರಿಯುತ್ತದೆ. ಮಿಥ್ಯೆಯೆಂದರೆ ಜಗತ್ತಿನ ಮಿಥ್ಯಾತ್ವ ಹುಸಿಯಾಗಿ ಜಗತ್ತು ಸತ್ಯವಾಗಿ ಉಳಿಯುತ್ತದೆ. ಇದಕ್ಕೆ ಅದ್ವೈತಿಗಳಾದ ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ಯಲ್ಲಿ ಕೊಟ್ಟ ಉತ್ತರವೂ ಅಷ್ಟೇ ಹರಿತವಾಗಿದೆ: ಒಂದರ ನಿಷೇಧದ ನಿಷೇಧವು ಮೊದಲನೆಯದನ್ನು ಮರಳಿ ಸ್ಥಾಪಿಸುವುದು ಎರಡು ನಿಷೇಧಗಳಿಗೂ ಕಾರಣ ಬೇರೆಯಾಗಿದ್ದಾಗ ಮಾತ್ರ, ಜಗತ್ತನ್ನೂ ಅದರ ಮಿಥ್ಯಾತ್ವವನ್ನೂ ಒಂದೇ ಕಾರಣ, ಅಂದರೆ ಎರಡೂ ಅರಿವಿಗೆ ವಿಷಯವಾದ ‘ದೃಶ್ಯ’ವಾಗಿರುವುದು, ತಳ್ಳಿಹಾಕುವುದರಿಂದ ಒಂದು ಹೋದಾಗ ಇನ್ನೊಂದು ಮರಳಿ ಬರುವುದಿಲ್ಲ. ಈ ಉತ್ತರಕ್ಕೆ ‘ನ್ಯಾಯಾಮೃತ ತರಂಗಿಣಿ’ಯಲ್ಲಿ ವ್ಯಾಸತೀರ್ಥರ ಪಕ್ಷದ ರಾಮಾಚಾರ್ಯರು ಪ್ರತ್ಯುತ್ತರ ಕೊಟ್ಟರು, ವಾದ ಅಲ್ಲಿಗೂ ನಿಲ್ಲಲಿಲ್ಲ. ಎರಡೂ ಪಕ್ಷಗಳು ಸೋಲುಗೆಲುವುಗಳ ಆಚೆಗೆ ಒಂದು ನಿಯಮವನ್ನು ಪಾಲಿಸಿದವು: ನಿಷೇಧಿಸುವವನು ಏನನ್ನು, ಎಲ್ಲಿ, ಯಾವ ಕಾರಣದಿಂದ ನಿಷೇಧಿಸುತ್ತಾನೆ ಎಂದು ಹೇಳಲೇಬೇಕು.

ಹಾಗಾದರೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಪ್ರಶ್ನೆಯೇ ಕರಗಿಹೋಗುತ್ತದೆಯೇ? ಆಸ್ಟಿನ್ನನ ಮಾರ್ಗ ಇಲ್ಲಿ ಅರ್ಧ ದಾರಿಗೆ ನಿಲ್ಲುತ್ತದೆ ಎಂದೇ ಹೇಳಬೇಕು. ಮರದ ಬಾತಿಗೂ ಜೀವದ ಬಾತಿಗೂ ನಡುವಿನ ಭೇದವನ್ನು ಜಗತ್ತಿನ ಒಳಗೇ ನಿಂತು ಪರೀಕ್ಷಿಸಬಹುದು. ಅದ್ವೈತ ಹೇಳುವ ಬಾಧ ಜಗತ್ತಿನೊಳಗಿನ ಇನ್ನೊಂದು ಸಂಗತಿಯಿಂದ ಬರುವುದಲ್ಲ, ಬ್ರಹ್ಮಜ್ಞಾನವೊಂದರಿಂದಲೇ ಬರುವುದು. ಅಂಥ ಜ್ಞಾನ ಉಂಟೇ, ಶ್ರುತಿಯ ತಾತ್ಪರ್ಯ ಅದೇ ಹೌದೇ, ಮುಕ್ತಿಯಲ್ಲಿ ಜೀವನಿಗೂ ದೇವರಿಗೂ ಭೇದ ಉಳಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಒಂದು ವಿಶೇಷಣದ ವ್ಯಾಕರಣ ಉತ್ತರ ಕೊಡಲಾರದು. ಪ್ರಶ್ನೆಯ ಮುಸುಕನ್ನು ತೆಗೆಯುವುದು ಪದಪರೀಕ್ಷೆಯ ಕೆಲಸ. ಮುಸುಕು ತೆಗೆದ ಮೇಲೆ ಅಲ್ಲೊಂದು ಮುಖ ಇದ್ದರೆ ಅದನ್ನು ಎದುರಿಸಲೇಬೇಕು.

ಇನ್ನೊಂದು ಸಂಗತಿಯೂ ಇದೆ. ಧಾರ್ಮಿಕ ಮನಸ್ಸು ಸತ್ಯ ಎಂಬ ಪದವನ್ನು ಹುಸಿಯನ್ನು ತಳ್ಳಲು ಮಾತ್ರ ಬಳಸುವುದಿಲ್ಲ, ಮೇಲುಕೀಳಿನ ತಾರತಮ್ಯವನ್ನು ಹೇಳಲೂ ಬಳಸುತ್ತದೆ. ಪಶ್ಚಿಮದ ಭಕ್ತಿಚಿಂತಕರಲ್ಲಿ ದೇವರು ಎಲ್ಲಕ್ಕಿಂತ ಹೆಚ್ಚು ರಿಯಲ್ ಎಂಬ ಮಾತು ಸಾಮಾನ್ಯವಾಗಿದೆ. ಅದರ ಅರ್ಥ ಇತರ ವಸ್ತುಗಳು ನಕಲಿ ಎಂದಲ್ಲ, ಅವು ಮತ್ತೊಂದನ್ನು ಆಶ್ರಯಿಸಿ ನಿಂತಿವೆ ಎಂದು. ಅದ್ವೈತವು ಈ ತಾರತಮ್ಯವನ್ನು ಸತ್ತೆಯ ಒಳಗೇ ಇಟ್ಟು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂಬ ಮೆಟ್ಟಿಲುಗಳನ್ನು ಮಾಡಿತು. ಮಧ್ವರು ಸತ್ಯ ಎಂಬ ಪದಕ್ಕೆ ಮೆಟ್ಟಿಲುಗಳನ್ನು ಕಟ್ಟಲು ಒಪ್ಪದೆ, ಇರುವುದೆಲ್ಲ ಸಮಾನವಾಗಿ ಸತ್ಯವೆಂದು ಹೇಳಿ, ತಾರತಮ್ಯವನ್ನು ಸ್ವತಂತ್ರ ಮತ್ತು ಪರತಂತ್ರ ಎಂಬ ಬೇರೊಂದು ಜೋಡಿಗೆ ವಹಿಸಿದರು: ವಿಷ್ಣು ಒಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಸತ್ಯವಾಗಿದ್ದೂ ಅವನ ಅಧೀನ. ಜಗತ್ತು ತನ್ನ ಕಾಲ ಮೇಲೆ ತಾನೇ ನಿಂತದ್ದಲ್ಲ ಎಂಬ ಅನುಭವ ಎರಡೂ ದರ್ಶನಗಳಿಗೆ ಸಮಾನ. ಅದನ್ನು ಹೇಳಲು ಒಂದು ಸತ್ಯದ ಪದವನ್ನು ಹಿಗ್ಗಿಸಿತು, ಇನ್ನೊಂದು ಅಧೀನತೆಗೆ ಪ್ರತ್ಯೇಕ ಪದವನ್ನು ಉಳಿಸಿಕೊಂಡಿತು. ವಿಚಾರದ ಸ್ಪಷ್ಟತೆಯ ದೃಷ್ಟಿಯಿಂದ ಮಧ್ವರ ಈ ಏರ್ಪಾಡು ಹೆಚ್ಚು ನಿರ್ಮಲವಾದದ್ದು. ಸತ್ಯವೆಂಬ ಪದಕ್ಕೆ ಹೌದು-ಅಲ್ಲ ಎಂಬ ಒಂದೇ ಕೆಲಸ ಉಳಿಯುತ್ತದೆ. ಆದರೆ ಸ್ಪಷ್ಟತೆಯೊಂದರಿಂದಲೇ ಒಂದು ದರ್ಶನ ಗೆಲ್ಲುವುದಿಲ್ಲ. ಭೇದವೇ ಅಳಿಯುವ ಅನುಭವವೊಂದು ಇದೆ ಎಂಬ ಅದ್ವೈತಿಯ ಸಾಕ್ಷ್ಯಕ್ಕೆ ಪ್ರತ್ಯೇಕವಾಗಿಯೇ ಉತ್ತರ ಕೊಡಬೇಕಾಗುತ್ತದೆ.

ಮೈಸೂರಿನಂಥ ಊರಿನಲ್ಲಿ ಸಂಸ್ಕೃತ ಪಾಠಶಾಲೆಯೂ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗವೂ ಒಂದಕ್ಕೊಂದು ಹತ್ತಿರದಲ್ಲಿಯೇ ಇವೆ. ಒಂದರಲ್ಲಿ ‘ನ್ಯಾಯಾಮೃತ’ ಮತ್ತು ‘ಅದ್ವೈತಸಿದ್ಧಿ’ಗಳನ್ನು ಓದಿದವರೂ ಇನ್ನೊಂದರಲ್ಲಿ ಮೂರ್, ಆಸ್ಟಿನ್‌ರನ್ನು ಓದಿದವರೂ ಒಟ್ಟಿಗೆ ಕುಳಿತು, ಮಿಥ್ಯಾತ್ವದ ಆ ಐದು ಲಕ್ಷಣಗಳನ್ನು ‘ರಿಯಲ್’ ಪದದ ಆಧುನಿಕ ಪರೀಕ್ಷೆಯ ಪಕ್ಕದಲ್ಲಿಟ್ಟು, ಕನ್ನಡದಲ್ಲಿಯೇ ಚರ್ಚಿಸಿ ಬರೆಯಬೇಕು. ಅದಕ್ಕೆ ಬೇಕಾದ ಪರಿಭಾಷೆ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ.